ತಾಳವಾಡಿಯ ಮಕ್ಕಳೂ ಪ್ರತಿಭಾ ಪರೀಕ್ಷೆಯೂ

ಪ್ರತಿಭಾವಂತ ಮಕ್ಕಳನ್ನು ಆರಿಸುವ ಪರೀಕ್ಷೆಗಳ ಫಲಿತಾಂಶ ಬಂದಾಗಲೆಲ್ಲ ಗೆದ್ದವರ ಭಾವಚಿತ್ರಗಳು ಪತ್ರಿಕೆಗಳಲ್ಲಿ ಪ್ರಕಟವಾಗುತ್ತವೆ. ಪಟ್ಟಿಯಲ್ಲಿ ಹೆಸರು ಬಾರದ ಮಕ್ಕಳ ಮನೆಯ ಸುದ್ದಿಯನ್ನು ಕೇಳುವವರು ಕಡಿಮೆ. “ನಮ್ಮ ಮಗುವಿಗೆ ಅಷ್ಟು ಬುದ್ಧಿ ಇಲ್ಲ” ಎಂದು ತಂದೆ ತಾಯಂದಿರು ತೀರ್ಮಾನಿಸಿ ಸುಮ್ಮನಾಗುತ್ತಾರೆ. ಗಡಿನಾಡಿನ ಕನ್ನಡ ಮಗುವಿನ ವಿಷಯದಲ್ಲಾದರೋ ಹಾಗೆ ಸುಮ್ಮನಾಗುವ ಮೊದಲು ಕೇಳಬೇಕಾದ ಪ್ರಶ್ನೆಯೊಂದಿದೆ: ಪರೀಕ್ಷೆ ನಡೆದದ್ದು ಯಾವ ಭಾಷೆಯಲ್ಲಿ?

ತಾಳವಾಡಿ ಬೆಟ್ಟಸೀಮೆ ತಮಿಳುನಾಡಿನ ಈರೋಡು ಜಿಲ್ಲೆಗೆ ಸೇರಿದ್ದು. ಸತ್ಯಮಂಗಲದ ಕಡೆಯಿಂದ ದಿಂಬಂ ಘಾಟಿಯ 27 ತಿರುವುಗಳನ್ನು ಹತ್ತಿ ಬರಬೇಕು. ಇಲ್ಲಿಯವರಿಗೆ ಚಾಮರಾಜನಗರವೇ ಹತ್ತಿರದ ಪೇಟೆ. ಡಾ. ರಾಜಕುಮಾರರ ಗಾಜನೂರು ಇಲ್ಲಿಯದೇ. 1956ರ ನವೆಂಬರ್ 1ರಂದು ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ತಾಲೂಕು ಮೈಸೂರು ರಾಜ್ಯಕ್ಕೆ ಬಂತು. ತಾಳವಾಡಿ ಮದರಾಸಿನಲ್ಲೇ ಉಳಿಯಿತು. ಅದೇ ದಿನ ಕಾಸರಗೋಡು ಕೇರಳಕ್ಕೆ ಸೇರಿತು. ಆದುದರಿಂದ ಇಲ್ಲಿಯ ಕಷ್ಟವನ್ನು ಕಾಸರಗೋಡಿನ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಬಡ ಮಕ್ಕಳಿಗೆ ತೆರೆದಿರುವ ಬಾಗಿಲುಗಳು ಕೆಲವೇ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯೊಂದಿಗೆ ಬಂದ ನವೋದಯ ವಿದ್ಯಾಲಯಗಳನ್ನು ತಮಿಳುನಾಡು ಸರಕಾರ ಹಿಂದಿಯ ಕಾರಣದಿಂದ ಒಪ್ಪಲಿಲ್ಲ. ಕಾಸರಗೋಡಿನ ಮಗುವಿಗೆ ಪೆರಿಯದಲ್ಲಿ ದೊರೆತ ಅವಕಾಶ ತಾಳವಾಡಿಯ ಮಗುವಿಗೆ ದೊರೆಯಲಿಲ್ಲ. ಗಡಿಯಾಚೆಯ ಚಾಮರಾಜನಗರದ ನವೋದಯಕ್ಕೆ ಬರೆಯೋಣವೆಂದರೆ, ಆಯಾ ಜಿಲ್ಲೆಯಲ್ಲೇ ವಾಸವಿದ್ದು ಓದುವವರಿಗೆ ಮಾತ್ರ ಎಂಬ ನಿಯಮ ಅಡ್ಡ ಬರುತ್ತದೆ.

ಉಳಿದದ್ದು ವಿದ್ಯಾರ್ಥಿವೇತನದ ಪರೀಕ್ಷೆಗಳು. ಅವುಗಳಲ್ಲಿ ಮುಖ್ಯವಾದುದು 2008ರಲ್ಲಿ ಆರಂಭವಾದ ಕೇಂದ್ರ ಸರಕಾರದ ಎನ್.ಎಂ.ಎಂ.ಎಸ್. ಎಂಟನೇ ತರಗತಿಯಲ್ಲಿ ಬರೆದು ಆಯ್ಕೆಯಾದವರಿಗೆ ಒಂಬತ್ತರಿಂದ ಹನ್ನೆರಡನೇ ತರಗತಿಯವರೆಗೆ ವರ್ಷಕ್ಕೆ 12,000 ರೂಪಾಯಿ. ದೇಶಕ್ಕೆಲ್ಲ ವರ್ಷಕ್ಕೆ 1 ಲಕ್ಷ ವೇತನಗಳು; ತಮಿಳುನಾಡಿನ ಪಾಲು 6,695, ಕೇರಳದ ಪಾಲು 3,473. ಕೇರಳದಲ್ಲಿ ಕನ್ನಡ ಮಾಧ್ಯಮದ ಮಗು ಇದನ್ನು ಕನ್ನಡದಲ್ಲೇ ಬರೆಯಬಹುದು. ಎರಡು ಪತ್ರಿಕೆಗಳು, ಪ್ರತಿಯೊಂದರಲ್ಲಿ 90 ಪ್ರಶ್ನೆ, 90 ನಿಮಿಷ. ಎಂದರೆ ಪ್ರಶ್ನೆಗೊಂದು ನಿಮಿಷ. ಪ್ರಶ್ನೆಯನ್ನು ಮನಸ್ಸಿನಲ್ಲೇ ತನ್ನ ಭಾಷೆಗೆ ತಿರುಗಿಸಿಕೊಳ್ಳಬೇಕಾದ ಮಗುವಿಗೆ ಆ ನಿಮಿಷದಲ್ಲಿ ಯೋಚಿಸಲು ಉಳಿಯುವುದೆಷ್ಟು?

ನಮ್ಮ ತರಗತಿಯ ಹುಡುಗಿಯೊಬ್ಬಳು ಒಂದು ಪ್ರತಿಭಾ ಪರೀಕ್ಷೆಗೆ ಕುಳಿತಿದ್ದಳು. ಯಾವ ಪರೀಕ್ಷೆ ಎಂಬುದು ಇಲ್ಲಿ ಬೇಡ. ಪ್ರಶ್ನೆಗಳು ತಮಿಳು, ಇಂಗ್ಲಿಷಿನಲ್ಲಿದ್ದವು. ಹೆಸರು ಬರಲಿಲ್ಲ. ತಂದೆ ಬಂದು, “ಮೇಷ್ಟ್ರೇ, ಕನ್ನಡದಲ್ಲಿ ಓದಿಸಿದ್ದೇ ತಪ್ಪಾಯ್ತೇನೋ. ಮುಂದಿನ ವರ್ಷ ಇಂಗ್ಲಿಷ್ ಸ್ಕೂಲಿಗೆ ಹಾಕಿಬಿಡ್ಲಾ?” ಎಂದರು. ಆತುರಪಡಬೇಡಿ, ಮೊದಲು ಉತ್ತರಪತ್ರಿಕೆಯ ನಕಲು ತರಿಸೋಣ ಎಂದೆ. ನಕಲು ಬಂದ ಮೇಲೆ ಪ್ರಶ್ನೆಗಳ ಪಕ್ಕದಲ್ಲಿಟ್ಟು ನೋಡಿದೆವು. ಅಂಕಿಗಳ ಸಾಲು, ಚಿತ್ರಗಳ ಹೋಲಿಕೆ ಬಹುತೇಕ ಸರಿ. ಮಾತಿನಲ್ಲಿ ಹೇಳಿದ ಪ್ರಶ್ನೆಗಳಲ್ಲಿ ಹೆಚ್ಚಿನವು ತಪ್ಪು, ಕೆಲವು ಖಾಲಿ. ಆಯ್ಕೆಯೇನೂ ಬದಲಾಗಲಿಲ್ಲ. ಆದರೆ ಮಗಳು ದಡ್ಡಿಯಲ್ಲವೆಂದು ತಂದೆಗೆ ಖಚಿತವಾಯಿತು, ಮಗಳಿಗೂ ಖಚಿತವಾಯಿತು. ಆಕೆ ಕನ್ನಡ ತರಗತಿಯಲ್ಲೇ ಮುಂದುವರಿದಳು. ಹೀಗೆ ಒಂದೊಂದು ನಿರಾಶೆಗೂ ಒಂದೊಂದು ಮಗು ಹೊರಟುಹೋದರೆ ಕನ್ನಡ ತರಗತಿ ಬರಿದಾಗಲು ಎಷ್ಟು ವರ್ಷ ಬೇಕು?

ಇದು ತಾಳವಾಡಿಯೊಂದರ ಕಥೆಯಲ್ಲ. 1963ರಲ್ಲಿ ಆರಂಭವಾದ ರಾಷ್ಟ್ರೀಯ ಪ್ರತಿಭಾ ಶೋಧ ಪರೀಕ್ಷೆ ಮೊದಲ ಹದಿಮೂರು ವರ್ಷ ಇಂಗ್ಲಿಷಿನಲ್ಲಿ ಮಾತ್ರ ನಡೆಯಿತು. ಸಂವಿಧಾನ ಮಾನ್ಯ ಮಾಡಿದ ಭಾಷೆಗಳಲ್ಲಿ ಬರೆಯಲು ಅವಕಾಶವಾದದ್ದು 1976ರಲ್ಲಿ. 2021ರಲ್ಲಿ ಆ ಯೋಜನೆಯೇ ನಿಂತಿತು. ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಸ್ಪ್ಯಾನಿಷ್ ಮನೆಮಾತಿನ ಮಕ್ಕಳನ್ನು ಇಂಗ್ಲಿಷಿನಲ್ಲಿ ಪರೀಕ್ಷಿಸಿ ಮಂದಬುದ್ಧಿಯವರ ತರಗತಿಗೆ ಸೇರಿಸಿದ್ದರು. ಒಂಬತ್ತು ಮಕ್ಕಳ ಪರವಾಗಿ ದಾವೆ ಹೂಡಲಾಯಿತು. ಅವರ ಭಾಷೆಯಲ್ಲಿ ಮರುಪರೀಕ್ಷೆ ಮಾಡಿದಾಗ ಹೆಚ್ಚಿನವರು ಆ ತರಗತಿಗೆ ಸೇರತಕ್ಕವರೇ ಅಲ್ಲವೆಂದು ಕಂಡುಬಂತು. 1970ರ ಒಪ್ಪಂದದಂತೆ ಮಕ್ಕಳನ್ನು ಮನೆಮಾತಿನಲ್ಲೂ ಪರೀಕ್ಷಿಸಬೇಕಾಯಿತು.

ಹಾಗಾದರೆ ಪೋಷಕರು ಏನು ಮಾಡಬಹುದು? ಮೇಲ್ಮನವಿಯಲ್ಲಿ ಎರಡು ಬಗೆ. ಅಂಕ ಎಣಿಸಿದ್ದು ತಪ್ಪೆಂಬುದು ಒಂದು. ಪರೀಕ್ಷೆಯ ನಿಯಮವೇ ಸರಿಯಿಲ್ಲವೆಂಬುದು ಇನ್ನೊಂದು. ಇವೆರಡನ್ನೂ ಒಂದೇ ಅರ್ಜಿಯಲ್ಲಿ ಕಲಸಿದರೆ ಎರಡೂ ಕೆಡುತ್ತವೆ.

ಮೊದಲನೆಯದಕ್ಕೆ 2005ರ ಮಾಹಿತಿ ಹಕ್ಕಿನ ಕಾಯಿದೆ ಇದೆ. ತನ್ನ ಮೌಲ್ಯಮಾಪನವಾದ ಉತ್ತರಪತ್ರಿಕೆಯನ್ನು ನೋಡುವ ಹಕ್ಕು ಪರೀಕ್ಷೆ ಬರೆದವರಿಗಿದೆಯೆಂದು ಸುಪ್ರೀಂ ಕೋರ್ಟು 2011ರ ಆಗಸ್ಟಿನಲ್ಲಿ ತೀರ್ಪಿತ್ತಿದೆ. 30 ದಿನಗಳೊಳಗೆ ಉತ್ತರ ಬರಬೇಕು. ಬಾರದಿದ್ದರೆ ಅಲ್ಲಿಂದ 30 ದಿನಗಳೊಳಗೆ ಮೊದಲ ಮೇಲ್ಮನವಿ ಸಲ್ಲಿಸಬಹುದು. ಈ ಅರ್ಜಿ ಮಾತ್ರ ಇಂಗ್ಲಿಷ್, ಹಿಂದಿ ಅಥವಾ ಆ ಪ್ರದೇಶದ ಅಧಿಕೃತ ಭಾಷೆಯಲ್ಲಿರಬೇಕು.

ಎರಡನೆಯದಕ್ಕೆ ಸಂವಿಧಾನವೇ ಆಧಾರ. 350ನೇ ವಿಧಿಯಂತೆ ಕುಂದುಕೊರತೆಯ ಮನವಿಯನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಕೊಡಬಹುದು. ಕನ್ನಡದಲ್ಲಿ ಬರೆದರೆ ಸಾಕು. 350ಎ ವಿಧಿ ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಶಿಕ್ಷಣದ ಸೌಕರ್ಯ ಒದಗಿಸಬೇಕೆನ್ನುತ್ತದೆ. ಅದು ಹೈಸ್ಕೂಲಿನ ಪರೀಕ್ಷೆಗೆ ನೇರವಾಗಿ ಅನ್ವಯಿಸದು, ಆದರೂ ನ್ಯಾಯ ಯಾವ ಕಡೆಗಿದೆಯೆಂದು ತೋರಿಸುತ್ತದೆ. 350ಬಿ ವಿಧಿಯಂತೆ ಭಾಷಾ ಅಲ್ಪಸಂಖ್ಯಾತರ ಆಯುಕ್ತರಿದ್ದಾರೆ. ಮನವಿಯ ಒಂದು ಪ್ರತಿ ಅವರಿಗೂ ಹೋಗಲಿ.

ಒಬ್ಬರೇ ಬರೆಯುವುದಕ್ಕಿಂತ ಹತ್ತು ಮನೆಯವರು ಸೇರಿ ಬರೆದರೆ ಬೆಲೆ ಹೆಚ್ಚು. 2006ರ ತಮಿಳು ಕಲಿಕಾ ಕಾಯಿದೆಯಿಂದ ಹತ್ತನೇ ತರಗತಿಯಲ್ಲಿ ತಮಿಳು ಕಡ್ಡಾಯವಾದಾಗ ಭಾಷಾ ಅಲ್ಪಸಂಖ್ಯಾತರು ಒಟ್ಟಾಗಿ ನ್ಯಾಯಾಲಯಕ್ಕೆ ಹೋದರು. 2023ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ವಿನಾಯಿತಿಯನ್ನು ಇನ್ನೊಂದು ವರ್ಷಕ್ಕೆ ವಿಸ್ತರಿಸಿತು.

ಒಂದು ಎಚ್ಚರಿಕೆಯೂ ಬೇಕು. ಮನವಿಯಿಂದ ಸ್ಥಾನಗಳ ಸಂಖ್ಯೆ ಹೆಚ್ಚುವುದಿಲ್ಲ. ನಕಲು ನೋಡಿದ ಮೇಲೆ ಮಗು ನಿಜಕ್ಕೂ ಹಿಂದುಳಿದಿದೆಯೆಂದು ಕಂಡರೆ ಒಪ್ಪಿಕೊಂಡು ಓದಿಸಬೇಕು. ಕಚೇರಿಯಿಂದ ಕಚೇರಿಗೆ ಮಗುವನ್ನು ಕರೆದೊಯ್ಯುವುದಂತೂ ಬೇಡ. ಅರ್ಜಿ ದೊಡ್ಡವರ ಕೆಲಸ. ಅರ್ಜಿಯ ಪ್ರತಿಯನ್ನೂ ಸ್ವೀಕೃತಿ ರಸೀದಿಯನ್ನೂ ಜೋಪಾನವಾಗಿಡಿ.

ನಾವು ಕೇಳುತ್ತಿರುವುದು ರಿಯಾಯಿತಿಯಲ್ಲ, ಕೃಪಾಂಕವೂ ಅಲ್ಲ. ಮಗು ಕಲಿತ ಭಾಷೆಯಲ್ಲಿ ಪ್ರಶ್ನೆ ಕೇಳಿ, ಆಮೇಲೆ ಆರಿಸಿ ಎಂಬುದಿಷ್ಟೇ. ಪೆರಿಯದ ಹತ್ತಿರವಿರಲಿ, ದಿಂಬಂ ಘಾಟಿಯ ಮೇಲಿರಲಿ, ಕನ್ನಡ ಪೋಷಕರು ಇಷ್ಟನ್ನು ಸಂಕೋಚವಿಲ್ಲದೆ ಬರೆದು ಕೇಳಬೇಕು.