ಕಳೆ ಯಂತ್ರ ಮುಗ್ಗರಿಸುವುದೇಕೆ?

ರಾಯದುರ್ಗದ ಶೇಂಗಾ ಹೊಲದಲ್ಲಾಗಲಿ, ಮಡಕಶಿರಾದ ಹಿಪ್ಪುನೇರಳೆ ತೋಟದಲ್ಲಾಗಲಿ, ಕಳೆ ತೆಗೆಯುವ ಸಣ್ಣ ಪೆಟ್ರೋಲ್ ಯಂತ್ರವು ವೇಗ ಹೆಚ್ಚಿಸಿದೊಡನೆ ಮುಗ್ಗರಿಸಿ ನಿಲ್ಲುವುದುಂಟು. (ಡೀಸೆಲ್ ಯಂತ್ರಕ್ಕೆ ಕಾರ್ಬ್ಯುರೇಟರೇ ಇಲ್ಲ, ಅದರ ಮಾತು ಬೇರೆ.) ಕಾರ್ಬ್ಯುರೇಟರು ಗಾಳಿಗೆ ಪೆಟ್ರೋಲನ್ನು ಬೆರೆಸಿಕೊಡುವ ಭಾಗ. ತೂಕದಲ್ಲಿ 1 ಪಾಲು ಪೆಟ್ರೋಲಿಗೆ ಸುಮಾರು 14 ಪಾಲು ಗಾಳಿ ಬೇಕು. ವೇಗದ ಹಿಡಿಯನ್ನು ಒಮ್ಮೆಲೇ ತಿರುಗಿಸಿದಾಗ ಗಾಳಿ ಥಟ್ಟನೆ ನುಗ್ಗುತ್ತದೆ, ಪೆಟ್ರೋಲು ಹಿಂದೆ ಬೀಳುತ್ತದೆ.

ತಿರುಪಿಗೆ ಕೈಹಾಕುವ ಮೊದಲು ಗಾಳಿ ಸೋಸುವ ಫಿಲ್ಟರನ್ನು ನೋಡಿರಿ. ಅದರಲ್ಲಿ ಧೂಳು ಕಟ್ಟಿದರೆ ಕಪ್ಪು ಹೊಗೆ ಬರುವುದು. ಕಳೆದ ಹಂಗಾಮಿನ ಪೆಟ್ರೋಲನ್ನು ಬಸಿದು ತೆಗೆಯಿರಿ. ಈಗಿನ ಪೆಟ್ರೋಲಿನಲ್ಲಿ ನೂರಕ್ಕೆ 20ರವರೆಗೆ ಎಥನಾಲ್ ಇರುವುದರಿಂದ ಅದು ನೀರನ್ನು ಹೀರಿಕೊಳ್ಳುತ್ತದೆ. ಎಷ್ಟೋ ಸಲ ದೋಷವು ಇಷ್ಟಕ್ಕೇ ತೀರುವುದು.

ತೀರದಿದ್ದರೆ ಯಂತ್ರವನ್ನು 5 ನಿಮಿಷ ಓಡಿಸಿ, ಬಿಸಿಯಾದ ಮೇಲೆ ನಿಲ್ಲಿಸಿರಿ. ಮಿಶ್ರಣದ ತಿರುಪನ್ನು ಹಗುರವಾಗಿ ಕೊನೆ ಮುಟ್ಟಿಸಿ, ಯಂತ್ರದ ಪುಸ್ತಕದಲ್ಲಿ ಹೇಳಿದಷ್ಟು ಸುತ್ತು ಹಿಂದಕ್ಕೆ ಬಿಚ್ಚಿರಿ. ಬಲವಾಗಿ ಬಿಗಿದರೆ ಅದರ ಮೊನೆ ಕೆಡುವುದು. ಮತ್ತೆ ನಡೆಸಿದಾಗಲೂ ಮುಗ್ಗರಿಸಿದರೆ ಅರೆಪಾವು ಸುತ್ತಿನಂತೆ ಬಿಚ್ಚುತ್ತ ನೋಡಿರಿ. ತಿರುಪು ಪೆಟ್ರೋಲಿನದಲ್ಲದೆ ಗಾಳಿಯದಾದರೆ ಮಾತ್ರ ಬಿಗಿಯಬೇಕು.

ಪೆಟ್ರೋಲಿನಲ್ಲೇ ಎಣ್ಣೆ ಬೆರೆಸುವ ಟು-ಸ್ಟ್ರೋಕ್ ಯಂತ್ರಕ್ಕೆ ಪೆಟ್ರೋಲನ್ನು ಉಳಿಸಲು ಹೋಗಕೂಡದು. ಪೆಟ್ರೋಲು ಕಡಿಮೆಯಾದರೆ ಎಣ್ಣೆಯೂ ಕಡಿಮೆಯಾಗಿ, ಪಿಸ್ಟನ್ ಕಾದು ಹಿಡಿದುಕೊಳ್ಳುತ್ತದೆ.