ದಿನಾ ಬೆಳಗ್ಗೆ ಅದೇ ಪ್ರಶ್ನೆ

ಕಾರ್ಲ್ ಹೀಮೆಂಟ್ಸ್ ಎಂಬ ಹೆಸರನ್ನು ನಮ್ಮ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಕೇಳಿದವರು ಕಡಿಮೆ. ಜರ್ಮನಿಯ ಗಾಟಿಂಗೆನ್‌ನಲ್ಲಿ ಲುಡ್ವಿಗ್ ಪ್ರಾಂಟ್ಲ್ ಅವರ ಕೈಕೆಳಗೆ ಪಿಎಚ್.ಡಿ. ಮಾಡುತ್ತಿದ್ದ ಹುಡುಗ. ನೀರಿನ ಕಾಲುವೆಯಲ್ಲಿ ಸಿಲಿಂಡರ್ ನಿಲ್ಲಿಸಿ ಅದರ ಸುತ್ತಲಿನ ಒತ್ತಡ ಅಳೆಯುವುದು ಅವನ ಕೆಲಸ. ಆದರೆ ಸಿಲಿಂಡರಿನ ಹಿಂದೆ ನೀರು ಹೊಯ್ದಾಡುತ್ತಲೇ ಇತ್ತು. ಸಿಲಿಂಡರ್ ಸರಿಯಾಗಿ ದುಂಡಗಿಲ್ಲ ಎಂದರು ಪ್ರಾಂಟ್ಲ್. ಹುಡುಗ ತಿದ್ದಿ ತೀಡಿ ದುಂಡಗೆ ಮಾಡಿದ. ಹೊಯ್ದಾಟ ನಿಲ್ಲಲಿಲ್ಲ. ಕಾಲುವೆಯೇ ಓರೆಯಿರಬಹುದೆಂದು ಅದನ್ನೂ ಸರಿಪಡಿಸಿದ. ಆಗಲೂ ಅಷ್ಟೆ. ಅಲ್ಲೇ ಇದ್ದ ಥಿಯೊಡೋರ್ ಫಾನ್ ಕಾರ್ಮನ್ ದಿನಾ ಬೆಳಗ್ಗೆ ಬಂದು ಹರಿವು ಸ್ಥಿರವಾಯಿತೇ ಎಂದು ವಿಚಾರಿಸುವರು. ಇವನು ಸಪ್ಪೆ ಮೋರೆಯಲ್ಲಿ ಇಲ್ಲ ಎನ್ನುವನು.

ದೋಷ ಉಪಕರಣದ್ದಲ್ಲ, ಹೊಯ್ದಾಟ ಆ ಹರಿವಿನ ಸ್ವಭಾವವೇ ಎಂದು ಕಾರ್ಮನ್‌ಗೆ ಹೊಳೆಯಿತು. ಒಂದು ವಾರಾಂತ್ಯ ಕೂತು ಲೆಕ್ಕ ಹಾಕಿದರು. 1911ರಲ್ಲಿ ಅದು ಪ್ರಕಟವಾಯಿತು. ಸಿಲಿಂಡರಿನ ಹಿಂದೆ ಹಾಗೆ ಹೊಯ್ದಾಡುತ್ತ ಏಳುವ ಸುಳಿಗಳ ಸಾಲಿಗೆ ಇಂದಿಗೂ ಕಾರ್ಮನ್ ಹೆಸರು. ಬೇರೊಂದು ಬಗೆಯ ಹರಿವಿಗೆ ಹೀಮೆಂಟ್ಸ್ ಹೆಸರಿದೆ, ನಿಜ. ಆದರೂ ಇದರಲ್ಲಿ ಅವನಿಲ್ಲವಲ್ಲ ಎಂದು ನನ್ನ ಮನಸ್ಸು ನೋಯುತ್ತದೆ. ಅದಕ್ಕಿಂತ ನೋವಿನ ಸಂಗತಿ, ದಿನಾ ಬೆಳಗ್ಗೆ ಬಂದು ವಿಚಾರಿಸುವ ಹಿರಿಯರೇ ಈಗ ಕಡಿಮೆಯಾಗಿರುವುದು. ನಾನು ಮಾತಾಡಿಸಿದ ಎಷ್ಟೋ ಸಂಶೋಧನಾ ವಿದ್ಯಾರ್ಥಿಗಳಿಗೆ ಗೈಡ್ ಸಿಗುವುದು ಪ್ರಗತಿ ವರದಿಗೆ ಸಹಿ ಬೇಕಾದಾಗ ಮಾತ್ರ.

ಕಾರ್ಮನ್ ಮುಂದೆ ಅಮೆರಿಕದ ಕ್ಯಾಲ್ಟೆಕ್ ಸೇರಿದರು. ಅಲ್ಲಿಗೆ ಅವರು ಕರೆಸಿಕೊಂಡ ಹ್ಯಾನ್ಸ್ ಲೀಪ್‌ಮನ್ ಬಳಿ ಸತೀಶ್ ಧವನ್ 1951ರಲ್ಲಿ ಪಿಎಚ್.ಡಿ. ಮುಗಿಸಿದರು. ಹಾಯುವ ಗಾಳಿ ಹಲಗೆಯ ಮೈಯನ್ನು ಎಷ್ಟು ಎಳೆಯುತ್ತದೆ ಎಂಬುದನ್ನು ಅವರು ನೇರವಾಗಿಯೇ ಅಳೆದರು. ಹಲಗೆಯ ಒಂದು ಚಿಕ್ಕ ಚೂರನ್ನು ಬಿಡಿಯಾಗಿಸಿ, ಅಂಚು ತಾಗದಂತೆ, ಮಟ್ಟ ತಪ್ಪದಂತೆ ಕೂರಿಸಿ, ಗಾಳಿಗೆ ಅದು ಕಣ್ಣಿಗೆ ಕಾಣದಷ್ಟು ಸರಿಯುವುದನ್ನು ಹಿಡಿದರು. ಆ ಕೈಚಳಕದೊಂದಿಗೆ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿಗೆ ಬಂದರು.

ಇಲ್ಲಿ ಅವರ ಶಿಷ್ಯರಾದವರು ರೊದ್ದಂ ನರಸಿಂಹ, ಕನ್ನಡದಲ್ಲಿ ವಿಜ್ಞಾನ ಬರೆದ ಆರ್. ಎಲ್. ನರಸಿಂಹಯ್ಯನವರ ಮಗ. ಗುರುಶಿಷ್ಯರು ಹಿಡಿದ ವಿಷಯ, ಹರಿವು ಕದಡುವ ಬಗೆ. ನಯವಾಗಿ ಸಾಗುವ ಹರಿವು ಒಮ್ಮೆಲೇ ಕದಡುವುದಿಲ್ಲ. ಅಲ್ಲಲ್ಲಿ ಮಚ್ಚೆಗಳೆದ್ದು, ಹರಡಿ, ಕೊನೆಗೆ ಎಲ್ಲವನ್ನೂ ಆವರಿಸುತ್ತವೆ. ಅದರ ಮೇಲಿನ ಪ್ರಬಂಧ 1958ರಲ್ಲಿ ‘ಜರ್ನಲ್ ಆಫ್ ಫ್ಲೂಯಿಡ್ ಮೆಕ್ಯಾನಿಕ್ಸ್’ನಲ್ಲಿ ಬಂದಾಗ ಧವನ್, ನರಸಿಂಹ ಇಬ್ಬರ ಹೆಸರೂ ಇತ್ತು.

ನರಸಿಂಹ ಪಿಎಚ್.ಡಿ.ಗೆ ಹೋದದ್ದೂ ಲೀಪ್‌ಮನ್ ಬಳಿಗೇ. 1962ರಲ್ಲಿ ಟಾಟಾ ಇನ್‌ಸ್ಟಿಟ್ಯೂಟಿಗೆ ಮರಳಿ ಮೇಷ್ಟರಾದರು. ಅವರ ಶಿಷ್ಯರಲ್ಲಿ ಒಬ್ಬರು ಕೆ. ಆರ್. ಶ್ರೀನಿವಾಸನ್. ಕದಡಿದ ಹರಿವು ಮತ್ತೆ ನಯವಾಗುವುದು ಹೇಗೆ ಎಂಬ ಪ್ರಬಂಧವನ್ನು 1973ರಲ್ಲಿ, ಅದೇ ಪತ್ರಿಕೆಯಲ್ಲಿ, ಇಬ್ಬರೂ ಸೇರಿ ಪ್ರಕಟಿಸಿದರು.