ಬಿಡದ ಶೀತ ಒಂದೇ ರೋಗವಲ್ಲ

ಮಳೆಗಾಲ ಹಿಡಿಯಿತೆಂದರೆ ನಮ್ಮ ತರಗತಿಗಳಲ್ಲಿ ಹೆಸರು ಕರೆಯುವ ಮೊದಲೇ ಸೀನುಗಳು ಹಾಜರಿ ಹೇಳುತ್ತವೆ. ಜೂನ್ ತಿಂಗಳ ಶೀತ ಜುಲೈಯೊಳಗೆ ಹೋಗುತ್ತದೆ. ಮೆಣಸು ಶುಂಠಿಯ ಕಷಾಯ ಕುಡಿದರೂ ಹೋಗುತ್ತದೆ, ಕುಡಿಯದಿದ್ದರೂ ಹೋಗುತ್ತದೆ. ಅದರ ಬಗ್ಗೆ ಬರೆಯಬೇಕಾದ್ದಿಲ್ಲ. ನಾವಿಲ್ಲಿ ಹೇಳಹೊರಟಿರುವುದು ಹೋಗದ ಶೀತದ ವಿಚಾರ.

ಕೆಲವು ವರ್ಷಗಳ ಹಿಂದೆ ಪ್ರಯೋಗಶಾಲೆಯಲ್ಲಿ ಹೈಡ್ರೋಜನ್ ಸಲ್ಫೈಡ್ ಮಾಡಿ ತೋರಿಸುತ್ತಿದ್ದೆವು. ಕೊಳೆತ ಮೊಟ್ಟೆಯ ಆ ನಾತಕ್ಕೆ ಮಕ್ಕಳೆಲ್ಲ ಮೂಗು ಮುಚ್ಚಿ ಕಿಟಕಿಯತ್ತ ಓಡಿದರೆ, ಒಂಬತ್ತನೆಯ ತರಗತಿಯ ಹುಡುಗನೊಬ್ಬ ಮಾತ್ರ ಕದಲದೆ ನಿಂತು “ಏನಾಯಿತು ಸರ್?” ಎಂದು ಕೇಳಿದ. ಅವನಿಗೆ ವಾಸನೆಯೇ ತಿಳಿಯುತ್ತಿರಲಿಲ್ಲ. ಎರಡು ವರ್ಷಗಳಿಂದ ಮೂಗು ಕಟ್ಟಿತ್ತು, ರಾತ್ರಿ ಉಬ್ಬಸವೂ ಇತ್ತು. ತಾಯಿ ಮದುವೆಯಾಗಿ ಪುತ್ತೂರು ಕಡೆಯಿಂದ ಬಂದವರು, ಮಲಯಾಳ ಅಷ್ಟಕ್ಕಷ್ಟೆ. “ಮಣಂ ಉಂಡೋ?” ಎಂದು ವೈದ್ಯರು ಕೇಳಿದ್ದಕ್ಕೆ, ಮೂಗಿನಿಂದ ಕೆಟ್ಟ ವಾಸನೆ ಬರುತ್ತದೆಯೇ ಎಂದು ತಿಳಿದು “ಇಲ್ಲ, ಅಂಥದ್ದೇನೂ ಇಲ್ಲ” ಎಂದಿದ್ದರಂತೆ. ವೈದ್ಯರು ಸಾಮಾನ್ಯ ಶೀತವೆಂದೇ ಬರೆದುಕೊಂಡರು. ಆಂಟಿಬಯೋಟಿಕ್ ಮಾತ್ರೆಗಳ ಮೇಲೆ ಮಾತ್ರೆಗಳು ಮುಗಿದವು. ತಪ್ಪು ಯಾರದ್ದೆಂದು ನಾವು ಹೇಳಲಾರೆವು. ಕನ್ನಡದಲ್ಲಿ “ವಾಸನೆ ಇದೆಯೇ?” ಎಂದು ಕೇಳಿದ್ದರೂ ಅದೇ ಉತ್ತರ ಬರುತ್ತಿತ್ತೋ ಏನೋ.

ಮುಂದೆ ಬೇರೊಬ್ಬರು ಮೂಗಿಗೆ ದುರ್ಬೀನು ಹಾಕಿ ನೋಡಿದಾಗ ಎರಡೂ ಹೊಳ್ಳೆಗಳಲ್ಲಿ ದುರ್ಮಾಂಸ ಕಂಡಿತು. ಮಲಯಾಳದವರು ಇದನ್ನು ದಶ ಎನ್ನುತ್ತಾರೆ. ಉಬ್ಬಸವೂ ಮೂಗಿನ ತೊಂದರೆಯೂ ಒಂದೇ ಬೇರಿನವು ಎಂದು ಅಂದೇ ಆ ಮನೆಯವರಿಗೆ ತಿಳಿದದ್ದು.

ಮುಖದ ಎಲುಬಿನೊಳಗೆ ನಮಗೆಲ್ಲ ನಾಲ್ಕು ಜೊತೆ ಗಾಳಿಗೂಡುಗಳಿವೆ: ಕೆನ್ನೆಯಲ್ಲಿ, ಹಣೆಯಲ್ಲಿ, ಕಣ್ಣುಗಳ ನಡುವೆ, ಮೂಗಿನ ಹಿಂದೆ ಆಳದಲ್ಲಿ. ಇವೇ ಸೈನಸ್‌ಗಳು. ಒಳಪೊರೆಯ ಸೂಕ್ಷ್ಮ ರೋಮಗಳು ಸಿಂಬಳವನ್ನು ಸದಾ ಬಾಗಿಲ ಕಡೆಗೆ ತಳ್ಳುತ್ತಿರುತ್ತವೆ. ಕೆನ್ನೆಯ ಗೂಡಿನ ಬಾಗಿಲು ತಳದಲ್ಲಿಲ್ಲ, ಮೇಲಿದೆ; ಬಾವಿಯಿಂದ ನೀರು ಸೇದಿದಂತೆ ಸಿಂಬಳವನ್ನು ಮೇಲಕ್ಕೆ ಸಾಗಿಸಬೇಕು. ಆಸ್ಟ್ರಿಯಾದ ಗ್ರಾಜ್ ನಗರದ ವೈದ್ಯ ಮೆಸ್ಸರ್‌ಕ್ಲಿಂಗರ್ ಈ ದಾರಿಗಳನ್ನು ದುರ್ಬೀನಿನಿಂದ ನೋಡಿ 1978ರಲ್ಲಿ ಪುಸ್ತಕ ಹೊರತಂದರು. ಬಾಗಿಲು ಕಟ್ಟಿದ್ದೇ ರೋಗ, ತೆರೆದರೆ ಗುಣ ಎಂಬ ತಿಳಿವಳಿಕೆ ಆಗ ಬಲವಾಯಿತು. ಅನೇಕರಿಗೆ ಗುಣವಾಯಿತು ಕೂಡಾ. ಆದರೆ ಕೆಲವರಿಗೆ ಶಸ್ತ್ರಚಿಕಿತ್ಸೆಯಾದ ಮೇಲೂ ದುರ್ಮಾಂಸ ಮತ್ತೆ ಮತ್ತೆ ಬೆಳೆಯಿತು. ಬಾಗಿಲಿಗಿಂತ ಒಳಪೊರೆಯ ಉರಿಯೂತ ಯಾವ ಬಗೆಯದು ಎಂಬುದು ಮುಖ್ಯವೆಂದು ಕ್ರಮೇಣ ತಿಳಿಯಿತು.

ಹನ್ನೆರಡು ವಾರ ಮೀರಿದರೆ ವೈದ್ಯರು ಇದನ್ನು ದೀರ್ಘಕಾಲದ ಸೈನಸ್ ರೋಗವೆನ್ನುತ್ತಾರೆ. ಇದರಲ್ಲಿ ಒಂದು ಬಗೆ ಇಯೊಸಿನೋಫಿಲ್ ಎಂಬ ರಕ್ತಕಣಗಳದ್ದು. 1879ರಲ್ಲಿ ಜರ್ಮನಿಯ ಪಾಲ್ ಎರ್ಲಿಖ್ ಗುರುತಿಸಿದ ಈ ಕಣಗಳು ಇಯೊಸಿನ್ ಬಣ್ಣ ಹೀರಿ ಕೆಂಪಾಗುತ್ತವೆ; ಇಯೊಸ್ ಎಂದರೆ ಗ್ರೀಕರ ಉಷಾದೇವಿ. ಹೆಸರು ಚೆಂದ, ಕೆಲಸ ಚೆಂದವಲ್ಲ. ಇಂಟರ್‌ಲ್ಯೂಕಿನ್ 4, 5 ಮತ್ತು 13 ಎಂಬ ಸಂದೇಶವಾಹಕಗಳು ಈ ಕಣಗಳನ್ನು ಕರೆತಂದು ಪೊರೆಯನ್ನು ಊದಿಸುತ್ತವೆ. ಇದಕ್ಕೆ ‘ಟೈಪ್ 2’ ಎಂಬ ಹೆಸರಿದೆ. ದುರ್ಮಾಂಸ, ಅಸ್ತಮಾ, ವಾಸನೆ ತಿಳಿಯದಿರುವುದು ಹೆಚ್ಚಾಗಿ ಇದರ ಸಂಗಾತಿಗಳು. ಸಾಮಾನ್ಯವಾಗಿ ಇದು ಬಗ್ಗುವುದು ಸ್ಟೀರಾಯ್ಡ್ ಸ್ಪ್ರೇಗೆ, ಆಂಟಿಬಯೋಟಿಕ್‌ಗಲ್ಲ.

ಇನ್ನೊಂದು ಬಗೆಯಲ್ಲಿ ನ್ಯೂಟ್ರೋಫಿಲ್ ಕಣಗಳದ್ದೇ ದರ್ಬಾರು. ಇಲ್ಲಿ ಕೀವಿನಂಥ ಸ್ರಾವ ಹೆಚ್ಚು, ಸ್ಟೀರಾಯ್ಡ್‌ನ ಪ್ರಭಾವ ಕಡಿಮೆ. ಸಿಂಬಳ ಹಸಿರಾದೊಡನೆ ಆಂಟಿಬಯೋಟಿಕ್ ಬೇಕೆನ್ನುವವರು ಗಮನಿಸಬೇಕು: ಆ ಹಸಿರು ಈ ಕಣಗಳೊಳಗಿನ ಕಿಣ್ವದ್ದು, ಮಾಮೂಲಿ ಶೀತದಲ್ಲೂ ಕಾಣುತ್ತದೆ.

ಎರಡೇ ಬಗೆಯೆಂದೂ ತಿಳಿಯಬೇಡಿ. ಯುರೋಪಿನ ಸಂಶೋಧಕರು ಪೊರೆಯ ರಾಸಾಯನಿಕಗಳನ್ನು ಅಳೆದು 2016ರಲ್ಲಿ ರೋಗಿಗಳನ್ನು ಹತ್ತು ಗುಂಪು ಮಾಡಿದರು. ನಮ್ಮ ಹಿರಿಯರಿಗೂ ಇದು ಹೊಸತಲ್ಲ. ಸುಶ್ರುತ ಸಂಹಿತೆ ಪ್ರತಿಶ್ಯಾಯವನ್ನು ಐದು ಬಗೆಯಾಗಿ ಹೇಳಿದೆ. ಆದರೆ ಆ ಐದು ಈ ಹತ್ತರೊಳಗೆ ಸೇರುತ್ತವೆಂದು ಸಾಧಿಸಹೊರಡುವುದು ಅಧಿಕಪ್ರಸಂಗ. ತೊಂದರೆ ಒಂದೇ ಬದಿಯದಾಗಿ ದುರ್ನಾತವಿದ್ದರೆ ಮೇಲ್ದವಡೆಯ ಹಲ್ಲನ್ನು ನೋಡಿಸಬೇಕು. ಹುಳುಕು ದವಡೆಹಲ್ಲಿನ ಬೇರಿನಿಂದ ಸೋಂಕು ಕೆನ್ನೆಯ ಗೂಡಿಗೆ ಏರುವುದುಂಟು. ಬೂಷ್ಟಿನ ಅಲರ್ಜಿಯಿಂದ ಬರುವ ಬಗೆಯೊಂದಿದ್ದು, ನಮ್ಮಂಥ ಬಿಸಿಲು ತೇವಗಳ ನಾಡಿಗೆ ಅದು ಅಪರಿಚಿತವಲ್ಲ.

ಮುಖ್ಯವಾಗಿ ಎಚ್ಚರಿಸಬೇಕಾದ್ದು ಇನ್ನೊಂದಿದೆ. ದುರ್ಮಾಂಸವೂ ಅಸ್ತಮಾವೂ ಇರುವ ಕೆಲವು ಪ್ರಾಯದವರಿಗೆ ಆಸ್ಪಿರಿನ್ ಆಗುವುದಿಲ್ಲ. ಫ್ರಾನ್ಸಿನ ವಿಡಾಲ್ 1922ರಲ್ಲೇ ಇದನ್ನು ಬರೆದಿದ್ದರು; 1968ರಲ್ಲಿ ಅಮೆರಿಕದ ಸ್ಯಾಮ್ಟರ್ ಮತ್ತು ಬಿಯರ್ಸ್ ವಿವರವಾಗಿ ಬರೆದರು. ಆಸ್ಪಿರಿನ್ ಮಾತ್ರವಲ್ಲ, ಐಬುಪ್ರೊಫೆನ್, ಡೈಕ್ಲೋಫೆನಾಕ್ ಕೂಡಾ ಅದೇ ಜಾತಿ. ನುಂಗಿದ ಅರ್ಧ ಗಂಟೆಯಿಂದ ಮೂರು ಗಂಟೆಯೊಳಗೆ ಮೂಗು ಸುರಿದು ಉಸಿರು ಸಿಕ್ಕಿಕೊಳ್ಳಬಹುದು, ಜೀವಕ್ಕೇ ಸಂಚಕಾರವಾಗಬಹುದು. ತೋಟದ ಕೆಲಸ ಮಾಡಿ ಸೊಂಟನೋವೆಂದು ಅಂಗಡಿಯಿಂದ ಮಾತ್ರೆ ತರಿಸುವ ಮನೆಗಳು ನಮ್ಮಲ್ಲಿ ಎಷ್ಟಿಲ್ಲ! ಹಿಂದೊಮ್ಮೆ ಹಾಗಾದವರು ಆ ಮಾತ್ರೆಯ ಹೆಸರನ್ನು ಚೀಟಿಯಲ್ಲಿ ಬರೆದು ಕಿಸೆಯಲ್ಲಿಟ್ಟುಕೊಂಡು ಪ್ರತಿ ವೈದ್ಯರಿಗೂ ತೋರಿಸಬೇಕು.

ಟೈಪ್ 2 ಬಗೆಯ ಹಟಮಾರಿ ದುರ್ಮಾಂಸಕ್ಕೆ ಈಗ ಚುಚ್ಚುಮದ್ದುಗಳಿವೆ. ಡ್ಯುಪಿಲುಮ್ಯಾಬ್ ಎಂಬುದಕ್ಕೆ ಅಮೆರಿಕದಲ್ಲಿ 2019ರಲ್ಲಿ ಒಪ್ಪಿಗೆ ಸಿಕ್ಕಿತು. ಬೆಲೆ ಸಾಮಾನ್ಯರಿಗೆ ಎಟಕುವಂಥದಲ್ಲ. ಹೆಚ್ಚಿನವರಿಗೆ ವೈದ್ಯರು ಹೇಳಿದ ಸ್ಪ್ರೇಯನ್ನು ದಿನಾ ತಪ್ಪದೆ ಬಳಸುವುದು, ಉಪ್ಪುನೀರಿನಿಂದ ಮೂಗು ತೊಳೆಯುವುದು, ಇವೇ ಮೊದಲ ಮೆಟ್ಟಿಲು. ನೀರು ಮಾತ್ರ ಕುದಿಸಿ ಆರಿಸಿದ್ದೇ ಆಗಬೇಕು. ಮೂಗಿನ ಮೂಲಕ ಮೆದುಳಿಗೇರುವ ಅಮೀಬಾದಿಂದ 2024ರಲ್ಲೂ 2025ರಲ್ಲೂ ಕೇರಳದಲ್ಲಿ ಸಾವುಗಳಾದವು. ಕೆರೆ ಬಾವಿಗಳ ನೀರನ್ನು ಹಾಗೆಯೇ ಮೂಗಿಗೆ ಏರಿಸಬಾರದು.

ಆ ಹುಡುಗನಿಗೆ ಸ್ಪ್ರೇ ಹಿಡಿಸಿತು. ನಾಲ್ಕು ತಿಂಗಳ ಮೇಲೆ ಒಂದು ದಿನ, ಬಿಸಿಯೂಟದ ಹೊತ್ತಿಗೆ ನಮ್ಮ ಕೋಣೆಗೆ ಬಂದು, “ಸರ್, ಇವತ್ತು ಸಾಂಬಾರು ಅಡಿಹಿಡಿದಿದೆ” ಎಂದು ವರದಿ ಒಪ್ಪಿಸಿದ. ಅವನ ತಾಯಿ ಈಗ ಊರಿನ ಬೇರೆ ಹೆಂಗಸರಿಗೂ ವೈದ್ಯರಲ್ಲಿ ಹೇಳಬೇಕಾದ ಒಂದು ಮಲಯಾಳ ವಾಕ್ಯ ಕಲಿಸಿಕೊಟ್ಟಿದ್ದಾರೆ: “ಮಣಂ ಅರಿಯುನ್ನಿಲ್ಲ.” ವಾಸನೆ ತಿಳಿಯುವುದಿಲ್ಲ ಎಂದರ್ಥ.